ನೇಷನ್ ಎಂಬ ಸವತಿ

ಹನೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೇಯ್ಗೆ ಸಿದ್ದಯ್ಯ ಎಲ್ಲಿ ಸಿಗುತ್ತಾರೆ ಎಂದು ಯಾರನ್ನು ಕೇಳಿದರೂ ಲೈಬ್ರರಿ ಕಡೆ ಕೈ ತೋರಿಸುತ್ತಾರೆ. ಆ ಸಿದ್ದಯ್ಯ ನಮ್ಮ ಮನೆಯವರು, ನನ್ನ ಗಂಡ. ನೇಯುವ ಕುಲದವರಲ್ಲ. ಕೊಳ್ಳೇಗಾಲದ ಮಗ್ಗಗಳನ್ನು ರಸ್ತೆಯಲ್ಲಿ ನಿಂತು ನೋಡಿದ್ದಾರೆಯೇ ಹೊರತು ಒಂದು ದಿನವೂ ಲಾಳಿ ಮುಟ್ಟಿದವರಲ್ಲ. ಅವರದು ಲೈಬ್ರರಿಯಲ್ಲಿ ಸಹಾಯಕನ ಕೆಲಸ. ಆ ಅಡ್ಡಹೆಸರು ಅಂಟಿಕೊಂಡು ಈಗ, ಎರಡು ಸಾವಿರದ ನಾಲ್ಕಕ್ಕೆ, ಏಳು ವರ್ಷ. ಅದು ಹೇಗೆ ಬಂತು ಎಂಬುದು ಊರಿಗೆ ಅರ್ಧ ಗೊತ್ತು. ಉಳಿದರ್ಧ ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಇಲ್ಲ, ಇನ್ನೊಬ್ಬಳಿಗೂ ಗೊತ್ತಿತ್ತು, ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ವಿಚಾರ ಆಮೇಲೆ ಬರಲಿ. ಈಗಲೇ ಶುರುಮಾಡಿದರೆ ಸಿಟ್ಟಿಗೆ ಪೆನ್ನಿನ ಮೂತಿ ಮುರಿಯುತ್ತದೆ.

ಇವರ ಹೆಸರು ಪುಟ್ಟಸಿದ್ದಯ್ಯ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು, ಬರೆಯಬಾರದು ಎಂದೇನೂ ಹೇಳಿರಲಿಲ್ಲ. ನಾನು ಚಿಕ್ಕನಿಂಗಮ್ಮ. ಕಾಮಗೆರೆ ಸುತ್ತಲ ಹಳ್ಳಿಗಳಿಗೆ ಸರ್ಕಾರಿ ನರ್ಸು. ಬಸುರಿಯರ ಹೆಸರು ಬರೆದುಕೊಳ್ಳುವುದು, ಸೂಜಿ ಹಾಕುವುದು, ಹೆರಿಗೆ ಮಾಡಿಸುವುದು ನನ್ನ ಕೆಲಸ. ಜನ ನನ್ನನ್ನು ನರ್ಸಮ್ಮ ಅನ್ನುತ್ತಾರೆ. ಇವರೊಬ್ಬರು ಮಾತ್ರ ನಿಂಗಿ ಅನ್ನುತ್ತಾರೆ.

ಇವರು ಹುಟ್ಟಿದ್ದು ಮಧುವನಹಳ್ಳಿಯಲ್ಲಿ, ಸಾವಿರದ ಒಂಬೈನೂರ ಐವತ್ತರಲ್ಲಿ. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸಿನವರ ಕೋಯಮತ್ತೂರು ಜಿಲ್ಲೆಗೆ ಸೇರಿತ್ತು. ಹತ್ತು ಮೈಲಿ ಆಚೆಗಿನ ಯಳಂದೂರು ಮೈಸೂರಿನದು. ಇವರು ಒಂದನೇ ಕ್ಲಾಸಿನಲ್ಲಿ ಕೂತಿದ್ದಾಗಲೇ ಗಡಿ ಬದಲಾಯಿತಂತೆ. ಮೇಷ್ಟ್ರು ಅವರೇ, ಸ್ಲೇಟು ಅದೇ, ಗೋಡೆಯ ಬಿರುಕೂ ಅದೇ, ರಾಜ್ಯ ಮಾತ್ರ ಬೇರೆ. ಹೆಸರು ಬದಲಾದರೆ ಒಳಗೆ ಏನು ಬದಲಾಗುತ್ತದೆ ಎಂಬ ಗೀಳು ಇವರಿಗೆ ಅಲ್ಲಿಂದಲೇ ಹತ್ತಿರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಲೈಬ್ರರಿಗೆ ಸೇರಿದ ಮೇಲೆ ಗೀಳು ಹುಚ್ಚಾಯಿತು. ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ನಿಘಂಟಿಗೆ ತಾವೇ ಗೋಂದು ಬಟ್ಟೆ ಹಾಕಿ ಹೊಲಿದು, ಊಟದ ಡಬ್ಬಿಯ ಜೊತೆ ಅದನ್ನೂ ಚೀಲದಲ್ಲಿ ಇಟ್ಟುಕೊಂಡು ಓಡಾಡುವರು. ನಾನು ಬೀರುವಿನ ಬಾಗಿಲು ತೆರೆದರೆ, ನಿಂಗಿ, ಬೀರು ಅನ್ನೋದು ಫ್ರೆಂಚರ ಮಾತು ಎನ್ನುವರು. ಮನೆಗೆ ಸುಣ್ಣ ಹೊಡೆಸಲು ಮೇಸ್ತ್ರಿ ಬಂದರೆ, ಆ ಬಡಪಾಯಿಯನ್ನು ನಿಲ್ಲಿಸಿಕೊಂಡು, ಮೇಸ್ತ್ರಿ ಎಂಬುದು ಪೋರ್ಚುಗೀಸರಿಂದ ಬಂದದ್ದು ಎಂದು ವಿವರಿಸುವರು. ಅವನು ತಲೆ ಕೆರೆದುಕೊಂಡು ನನ್ನ ಮುಖ ನೋಡುವನು. ಮಾತು ಯಾರದಾದರೇನು, ಸುಣ್ಣ ಸರಿಯಾಗಿ ಹೊಡೆದರೆ ಸಾಕು ಎಂದು ನಾನು ರೇಗುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ಅವರ ಕಣ್ಣಿನಲ್ಲೊಂದು ಹೊಳಪು ಬರುತ್ತಿತ್ತಲ್ಲ, ಅದನ್ನು ನೋಡಲು ನನಗೆ ಇಷ್ಟ. ಅದು ನನ್ನ ಮನೆಯೊಳಗೆ ಮಾತ್ರ ಬರುವ ಹೊಳಪು ಎಂದೇ ನಂಬಿದ್ದೆ.

ನಮ್ಮ ಮದುವೆ ಆದದ್ದು ಎಂಬತ್ತೆರಡರಲ್ಲಿ. ಮಕ್ಕಳಾಗಲಿಲ್ಲ. ಮೈಸೂರಿನವರೆಗೂ ಹೋಗಿ ತೋರಿಸಿದೆವು, ಕೊರತೆ ನನ್ನಲ್ಲೇ ಎಂದರು. ನಾನು ನರ್ಸು, ಅವರು ಬಿಡಿಸಿ ಹೇಳುವ ಮೊದಲೇ ಕಾಗದ ನೋಡಿ ತಿಳಿದುಕೊಂಡೆ. ನನ್ನ ಕೈಯಲ್ಲಿ ಎಂಟುನೂರಕ್ಕೂ ಮೇಲೆ ಹೆರಿಗೆಯಾಗಿವೆ. ಹೊಕ್ಕುಳಬಳ್ಳಿ ಕತ್ತರಿಸಲು ನಾನು ಬೇಕು, ಹೆಸರಿಡುವ ದಿನ ತೊಟ್ಟಿಲ ಹತ್ತಿರ ಬೇಡ. ಎಷ್ಟೋ ಮನೆಗಳಲ್ಲಿ ಮುದುಕಿಯರು, ನರ್ಸಮ್ಮ ನೀವು ಈಚೆ ಕೂತ್ಕಳಿ ಎಂದು ನಯವಾಗಿಯೇ ಚಾಪೆ ದೂರ ಹಾಸುವರು. ಕಾಫಿ ಮಾತ್ರ ದೊಡ್ಡ ಲೋಟದಲ್ಲಿ ಕೊಡುವರು. ಮದುವೆಯಾಗಿ ಆರನೇ ವರ್ಷಕ್ಕೆ ನಮ್ಮತ್ತೆ ಇವರಿಗೆ ಇನ್ನೊಂದು ಹೆಣ್ಣು ನೋಡಿಯೂ ಬಂದಿದ್ದರು. ಇವರು ಊಟದ ತಟ್ಟೆಯಿಂದ ತಲೆ ಎತ್ತದೆ, ನಂಗೆ ನಿಂಗಿ ಸಾಕು ಎಂದು ಹೇಳಿ ಕೈ ತೊಳೆದು ಬಸ್ಸಿಗೆ ಹೋದರು. ಅಷ್ಟೇ. ಆ ಎರಡು ಮಾತಿನ ಮೇಲೆ ನನ್ನ ಬದುಕು ನಿಂತಿತ್ತು. ಮಡಿಲು ತುಂಬಲಿಲ್ಲ, ಗಂಡನಾದರೂ ಪೂರ್ತಿ ನನ್ನವನಾಗಿರಲಿ ಎಂಬುದೊಂದೇ ಆಸೆ. ಅದರಲ್ಲಿ ಒಂದು ಚೂರನ್ನೂ ಯಾರಿಗೂ ಬಿಟ್ಟುಕೊಡುವ ಹೆಂಗಸು ನಾನಲ್ಲ.

ತೊಂಬತ್ನಾಲ್ಕರಲ್ಲಿ ಮಾರ್ಟಳ್ಳಿಯ ಮಾದು ಎಂಬುವನು ಲೈಬ್ರರಿಗೆ ಸದಸ್ಯನಾಗಲು ಬಂದ. ಅರ್ಜಿಯಲ್ಲಿ ನೇಷನಾಲಿಟಿ ಎಂದು ಒಂದು ಸಾಲು ಇತ್ತು. ಅವನು ಅದರ ಮುಂದೆ ದುಂಡಗೆ ತನ್ನ ಜಾತಿ ಬರೆದ. ಇವರು, ಇಲ್ಲಿ ಜಾತಿ ಬರೆಯುವಂತಿಲ್ಲ ಕಣಪ್ಪ, ಇಂಡಿಯನ್ ಅಂತ ಬರಿ ಎಂದರಂತೆ. ಮಾದು ಸುಮ್ಮನಾಗುವ ಆಸಾಮಿಯಲ್ಲ. ಅವನಪ್ಪ ಹುಟ್ಟಿದ ಮನೆಯಲ್ಲೇ ಅವನೂ ಹುಟ್ಟಿದ್ದು. ಅಪ್ಪ ಹುಟ್ಟಿದಾಗ ಅದು ಮದರಾಸು, ಇವನು ಹುಟ್ಟಿದಾಗ ಮೈಸೂರು. ಮನೆಯಲ್ಲಿ ತಮಿಳು, ಹೊಲದಲ್ಲಿ ಕನ್ನಡ. ಚೆಕ್‌ಪೋಸ್ಟಿನ ಪೊಲೀಸರು ವಾರಕ್ಕೆರಡು ಸಲ ನಿಲ್ಲಿಸಿ, ನೀನು ಆ ಕಡೆಯವನೋ ಈ ಕಡೆಯವನೋ ಎಂದು ಕೇಳುತ್ತಾರೆ. ಇಷ್ಟನ್ನೂ ಹೇಳಿ ಕೊನೆಗೆ ಅವನು ಅಂದದ್ದನ್ನು ಇವರು ನನಗೆ ಅವನದೇ ದನಿಯಲ್ಲಿ ಹೇಳಿ ತೋರಿಸಿದರು. “ಎಲ್ಲಾ ಬದಲಾಗದೆ ಸಾ, ಹುಟ್ಟೊಂದು ಬದಲಾಗಿಲ್ಲ. ಅದ್ಕೇ ಹುಟ್ಟಿಂದ ಬಂದದ್ದ ಬರ್ದೆ.”

ಇವರು ಅರ್ಜಿ ತಿದ್ದಿಸಿ ಕಾರ್ಡು ಕೊಟ್ಟು ಕಳಿಸಿದರು. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನೇಷನ್ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು, ಆಗ ಅದಕ್ಕೆ ಏನರ್ಥವಿತ್ತು? ಇವರ ನಿಘಂಟಿನಲ್ಲಿ ರಾಷ್ಟ್ರ, ಜನಾಂಗ ಎಂದಿಷ್ಟೇ ಇತ್ತು, ಬೇರು ಕೊಟ್ಟಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಗೊತ್ತಾಗದಂತೆ ಉಂಡು ಏಳುತ್ತಿದ್ದರು. ನಾನು ಆ ಪದಕ್ಕೆ ಸವತಿ ಎಂದು ಹೆಸರಿಟ್ಟೆ. ನಿಮ್ಮ ನೇಷನ್ನು ಬಂದಳಾ, ಏನಂದಳು ಎಂದು ಛೇಡಿಸುತ್ತಿದ್ದೆ. ಆಗ ಅದು ತಮಾಷೆಯಾಗಿತ್ತು.

ತಮಾಷೆ ಮುಗಿದದ್ದು ಕವಿತ ಬಂದಾಗ. ಯಳಂದೂರಿನ ಕಾಲೇಜಿಗೆ ಹೊಸದಾಗಿ ಬಂದ ಇಂಗ್ಲಿಷ್ ಲೆಕ್ಚರರು. ಅವಳ ಅಕ್ಕನ ಮನೆ ಹನೂರಿನಲ್ಲಿ. ಭಾನುವಾರ ಅಲ್ಲಿಗೆ ಬಂದವಳು ಪೇಪರು ಓದಲು ಲೈಬ್ರರಿಗೂ ಬರುವಳು. ಲೈಬ್ರರಿಗೆ ಸೋಮವಾರ ರಜ, ಭಾನುವಾರ ತೆರೆದಿರುತ್ತದೆ. ಒಂದು ದಿನ ಇವರು ಧೈರ್ಯ ಮಾಡಿ ಅವಳನ್ನು ಯಾವುದೋ ಪದ ಕೇಳಿದ್ದಾರೆ, ಅವಳು ಹೇಳಿದ್ದಾಳೆ. ಅವಳ ಕಾಲೇಜಿನಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಂಥ ಒಂದು ಡಿಕ್ಷನರಿ ಇದೆಯಂತೆ, ಪದಗಳ ಹುಟ್ಟೂರನ್ನೆಲ್ಲ ಹೇಳುತ್ತದಂತೆ. ಅಂದು ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಕಣ್ಣಿನಲ್ಲಿ ಅದೇ ಹೊಳಪು. ಅದನ್ನು ಹೊರಗಿನಿಂದ ಹೊತ್ತುಕೊಂಡು ಬಂದಿದ್ದರು.

ಹಳೆಯ ಲೆಕ್ಕದ ಪ್ರಕಾರ ಇವರು ಗಡ್ಡ ಹೆರೆದುಕೊಳ್ಳುತ್ತಿದ್ದದ್ದು ಸೋಮವಾರ, ರಜದ ದಿನ. ತಿಂಗಳೊಪ್ಪತ್ತಿನಲ್ಲಿ ಅದು ಭಾನುವಾರಕ್ಕೆ ಬಂತು. ಯಾಕೆ ಎಂದು ನಾನು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಬಿಸಿನೀರು ಕೊಡುವುದನ್ನು ನಿಲ್ಲಿಸಿದೆ. ತಣ್ಣೀರಿನಲ್ಲೇ ಹೆರೆದುಕೊಂಡು, ಗಲ್ಲ ಕುಯ್ದುಕೊಂಡು, ಹಾಡು ಗುನುಗುತ್ತಾ ಹೋದರು. ಒಂದು ಭಾನುವಾರ ನಾನೂ ಏನೋ ನೆಪ ಮಾಡಿ ಲೈಬ್ರರಿಗೆ ಹೋಗಿ ನೋಡಿದೆ. ತೆಳ್ಳಗಿನ ಹುಡುಗಿ, ಗಂಜಿ ಹಾಕಿದ ಕಾಟನ್ ಸೀರೆ, ಎಣ್ಣೆ ಮುಟ್ಟಿಸದ ಕೂದಲು. ಇವರು ಮೇಜಿನ ಈಚೆ ನಿಂತುಕೊಂಡೇ ಇದ್ದರು, ಅವಳು ಕೂತು ಮಾತಾಡುತ್ತಿದ್ದಳು. ಇಬ್ಬರ ನಡುವೆ ಮೂರು ಮೊಳ ಅಂತರವಿತ್ತು. ಕೆಟ್ಟದ್ದು ಏನೂ ಇರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಆದರೂ ಇವರು ನನ್ನ ಎದುರಿಗೆ ಎಂದೂ ಅಷ್ಟು ಹೊತ್ತು, ಅಷ್ಟು ಸೊಗಸಾಗಿ ಮಾತಾಡಿರಲಿಲ್ಲ. ಕೆಟ್ಟದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದಕ್ಕೆ ಏನು ಮಾಡುವುದು?

ಆಮೇಲೆ ಪೋಸ್ಟ್‌ಕಾರ್ಡುಗಳು ಶುರುವಾದವು. ಹನೂರಿಗೆ ಬರಲಾಗದ ವಾರ ಅವಳು ಯಾವುದೋ ಪದದ ಮೂಲವನ್ನು ಬರೆದು ನಮ್ಮ ಮನೆಯ ವಿಳಾಸಕ್ಕೆ ಹಾಕುವಳು. ಪೋಸ್ಟ್‌ಮ್ಯಾನ್ ಮಾದಣ್ಣ ಕಾರ್ಡನ್ನು ಪೂರ್ತಿ ಓದಿದ ಮೇಲೆಯೇ ಕೊಡುವ ಮನುಷ್ಯ. ನಿಮ್ಮೋರ್ಗೆ ಯಳಂದೂರಿಂದ ಬಂದದೆ ನರ್ಸಮ್ಮ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುವನು. ತೊಂಬತ್ತಾರರಲ್ಲಿ ಅವಳಿಗೆ ಮದುವೆಯಾಯಿತು. ಹಾಳಾಗಿ ಹೋಗಲಿ, ಇನ್ನು ನಿಲ್ಲುತ್ತದೆ ಎಂದು ನಾನು ಬೆಟ್ಟದ ಮಾದಪ್ಪ ದೇವರಿಗೆ ಕೈ ಮುಗಿದೆ. ನಿಲ್ಲಲಿಲ್ಲ. ಮದುವೆಯಾದವಳಿಗೆ ಪರರ ಗಂಡನಿಗೆ ಕಾರ್ಡು ಬರೆಯಲು ಬಿಡುವಾದರೂ ಹೇಗೆ ಸಿಗುತ್ತದೋ. ಇಷ್ಟೆಲ್ಲ ಪದ ಬಂದರೂ ನೇಷನ್ ಮಾತ್ರ ಬಂದಿರಲಿಲ್ಲ. ಅವಳ ದೊಡ್ಡ ಡಿಕ್ಷನರಿಯಲ್ಲಿ ಎನ್ ಅಕ್ಷರದ ಹಾಳೆಗಳನ್ನು ಗೆದ್ದಲು ತಿಂದಿತ್ತಂತೆ. ಆ ಗೆದ್ದಲಿನ ಮೇಲೆ ನನಗೆ ಪ್ರೀತಿ ಬಂತು.

ತೊಂಬತ್ತೇಳರ ಆಗಸ್ಟು ಹದಿನೈದಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ. ಲೈಬ್ರರಿಯ ಓದುಗರೆಲ್ಲ ಸೇರಿ ಅದರ ಮುಂದೆಯೇ ಒಂದು ಸಭೆ ಮಾಡುವುದು ಎಂದಾಯಿತು. ಪದಗಳ ಹುಚ್ಚಿನವರು ಎಂದು ಇವರಿಗೂ ಹತ್ತು ನಿಮಿಷ ಕೊಟ್ಟರು. ಇಪ್ಪತ್ತು ವರ್ಷ ಬೇರೆಯವರ ಸಭೆಗೆ ಕುರ್ಚಿ ಜೋಡಿಸಿದ ಮನುಷ್ಯನಿಗೆ ಮೊದಲ ಸಲ ಮೈಕಿನ ಮುಂದೆ ನಿಲ್ಲುವ ಅವಕಾಶ. ವಿಷಯ ಯಾವುದು ಎಂದು ಕೇಳುವುದೇ ಬೇಡ. ಕವಿತ ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗುವವಳಿದ್ದಳು, ಅಲ್ಲಿನ ದೊಡ್ಡ ಲೈಬ್ರರಿಯಲ್ಲಿ ನೋಡಿ ಬರೆಯುತ್ತೇನೆ ಎಂದಿದ್ದಳಂತೆ. ಇವರು ದಿನಾ ಸಂಜೆ ಬಂದವರೇ, ಕಾರ್ಡು ಬಂತಾ ನಿಂಗಿ ಎಂದು ಕೇಳುವರು. ಜ್ವರ ಬಂದು ಮಲಗಿದ್ದ ನನ್ನನ್ನು, ಈಗ ಹೇಗಿದೆ ಎಂದು ಕೇಳಿದ್ದು ಅದಾದ ಮೇಲೆ.

ಕಾರ್ಡು ಬಂತು. ಜುಲೈ ಕೊನೆಯ ವಾರ, ಮಧ್ಯಾಹ್ನ. ಮಾದಣ್ಣ ಓದಿ ಅರ್ಥವಾಗದೆ ಮುಖ ಹುಳಿ ಮಾಡಿಕೊಂಡು ಕೊಟ್ಟುಹೋದ. ಇರುವೆ ಸಾಲಿನಂಥ ಅಕ್ಷರ, ಅಂಚಿನವರೆಗೂ ತುಂಬಿಸಿದ್ದಳು. ನೇಷನ್ ಎಂಬ ಪದದ ಬೇರು ಲ್ಯಾಟಿನ್ ಭಾಷೆಯ ಹುಟ್ಟು ಎಂಬ ಮಾತಿನಲ್ಲಿದೆ. ಅದರಿಂದ ನಾಟಿಯೊ, ಎಂದರೆ ಹುಟ್ಟು, ತಳಿ, ಒಂದೇ ಮೂಲದ ಬಳಗ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಜನ, ಜನನ, ಜಾತಿ ಎಂಬ ಮಾತುಗಳೂ ಅದೇ ಬೇರಿನವು, ನಿಮ್ಮ ಮಾದು ಬರೆದದ್ದು ಬುಡದಲ್ಲಿ ತಪ್ಪಲ್ಲ. ಕೊನೆಯ ಸಾಲನ್ನು ಜಾಗವಿಲ್ಲದೆ ಅಡ್ಡಡ್ಡ ಬರೆದಿದ್ದಳು. ಆಂಟಿನೇಟಲ್ ಎನ್ನುವುದರಲ್ಲಿರುವ ನೇಟಲ್ ಕೂಡ ಇದೇ ಸರ್, ನಿಮ್ಮ ಮನೆಯವರು ದಿನಾ ಬಳಸುವ ಮಾತು, ಅವರನ್ನು ಕೇಳಿ ನೋಡಿ.

ನಾನು ನಿಂತಲ್ಲೇ ಉರಿದುಹೋದೆ. ಮೇಜಿನ ಮೇಲೆ ಆವತ್ತಿನ ಆಂಟಿನೇಟಲ್ ಕಾರ್ಡುಗಳ ಕಂತೆ ಇತ್ತು, ಹೆರಿಗೆಗೆ ಮುಂಚೆ ಬಸುರಿಯರನ್ನು ನೋಡಿ ಬರೆಯುವ ಕಾರ್ಡುಗಳು. ಹದಿನೈದು ವರ್ಷದಿಂದ ದಿನಕ್ಕೆ ನೂರು ಸಲ ಆ ಮಾತು ನನ್ನ ಬಾಯಲ್ಲಿದೆ. ಇವರು ಹುಡುಕುತ್ತಿದ್ದ ಬೇರು ಇವರ ಅಡುಗೆಮನೆಯಲ್ಲೇ ಓಡಾಡಿಕೊಂಡಿತ್ತು, ಇವರು ನನ್ನನ್ನು ಒಂದು ದಿನವೂ ಕೇಳಲಿಲ್ಲ. ನನ್ನ ಪದವನ್ನು ನನ್ನ ಗಂಡನಿಗೆ ಕೊಡಲು ಯಳಂದೂರಿನಿಂದ ಅವಳೇ ಬರಬೇಕೇ? ಅದೂ ಯಾವ ಪದ? ಹುಟ್ಟು. ಎಂಟುನೂರು ಹುಟ್ಟನ್ನು ಈ ಎರಡು ಕೈಯಲ್ಲಿ ಹಿಡಿದವಳು ನಾನು, ಒಂದನ್ನೂ ಮನೆಗೆ ತರಲಾರದವಳೂ ನಾನೇ. ಹುಟ್ಟು ಎಂದರೇನು ಎಂದು ಅವಳು ಇವರಿಗೆ ಬರೆದು ತಿಳಿಸುತ್ತಾಳೆ, ಇವರು ಮೈಕಿನಲ್ಲಿ ಊರಿಗೆಲ್ಲ ಹೇಳುತ್ತಾರೆ, ಅವಳು ಮುಂದಿನ ಸಾಲಿನಲ್ಲಿ ಕೂತು ತಲೆ ತೂಗುತ್ತಾಳೆ. ನಾಟಿಯೊ ಅಂತೆ ನಾಟಿಯೊ, ನಾಟಿ ಕೋಳಿ ಇದ್ದ ಹಾಗೆ. ಕಾರ್ಡನ್ನು ಎರಡು ಸಲ ಮಡಿಸಿ ನೀರೊಲೆಗೆ ಹಾಕಿದೆ. ಅದು ಪದದ ವಿಚಾರ, ಬೇರೇನಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಅಂದು ಸಂಜೆ ಕಾರ್ಡು ಬಂತಾ ಎಂದರು, ಇಲ್ಲ ಎಂದೆ. ಮಾರನೆಯ ದಿನವೂ ಇಲ್ಲ ಎಂದೆ. ಹದಿನೈದು ದಿನ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಎಂದೆ. ಇವರ ಮುಖ ಬಾಡುತ್ತಾ ಬಂತು. ಸಭೆಗೆ ಐದು ದಿನ ಇದೆ ಎನ್ನುವಾಗ ಕೇಳುವುದನ್ನೇ ಬಿಟ್ಟರು. ಸೋತರು, ಇನ್ನು ಬೇರೆ ವಿಷಯ ಹಿಡಿಯುತ್ತಾರೆ ಎಂದುಕೊಂಡೆ. ಹಿಡಿಯಲಿಲ್ಲ. ಹದಿನಾಲ್ಕನೆಯ ತಾರೀಖು ಇವರೇ ನನ್ನ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದು ಮಂಚದ ಮೇಲಿಟ್ಟು, ನಾಳೆ ಬರ್ತೀಯ ತಾನೇ ಎಂದು ಕೇಳಿದರು. ಬರ್ತೀನಿ ಎಂದೆ. ಬರದೆ ಇರುತ್ತೇನಾ ನಾನು? ಅವಳ ಮುಂದೆ ಇವರು ಏನೂ ತಿಳಿಯದೆ ನಿಲ್ಲುವುದನ್ನು ನೋಡಬೇಕಿತ್ತು. ಅಷ್ಟು ಕೆಟ್ಟು ಹೋಗಿತ್ತು ನನ್ನ ಮನಸ್ಸು.

ಶಾಮಿಯಾನದ ಕೆಳಗೆ ನೂರೈವತ್ತು ಜನ ಇದ್ದರು. ಹೆಂಗಸರು ಹಿಂದೆ. ಅವರಲ್ಲಿ ಅರ್ಧಕ್ಕರ್ಧ ನಾನು ಹೆರಿಗೆ ಮಾಡಿಸಿದವರು. ಕವಿತ ಮುಂದಿನ ಸಾಲಿನ ಕುರ್ಚಿಯಲ್ಲಿದ್ದಳು. ಅವಳು ಎದ್ದು ಸೆರಗು ಸರಿಮಾಡಿಕೊಂಡಾಗ ನೋಡಿದೆ. ಹೊಟ್ಟೆ ನೋಡಿ ತಿಂಗಳು ಹೇಳುವುದು ನನ್ನ ಕಸುಬು. ಏಳು. ಅದು ಬೇರೆ ಸಿಕ್ಕಿತು ಅವಳಿಗೆ ಎಂದು ಹಲ್ಲು ಕಚ್ಚಿದೆ. ಅಧ್ಯಕ್ಷತೆ ರಿಟೈರ್ಡ್ ಹೆಡ್‌ಮಾಸ್ಟರ್ ದೊಡ್ಡಮಾದಪ್ಪನವರದು.

ಇವರು ಮೈಕಿನ ಮುಂದೆ ನಿಂತರು. ಮೊದಲು ಮಾದುವಿನ ಕಥೆ ಹೇಳಿದರು, ಚೆನ್ನಾಗಿಯೇ ಹೇಳಿದರು, ಜನ ನಕ್ಕರು. ನೇಷನ್ ಅನ್ನುವ ಮಾತಿನ ಬೇರು ಹುಡುಕಿಕೊಂಡು ಹೋದೆ ಎಂದರು. ಅಲ್ಲಿ ನಿಂತುಬಿಟ್ಟರು. ಕೈಯಲ್ಲೊಂದು ಚೀಟಿ ಇತ್ತು. ಚೀಟಿ ನೋಡಿದರು, ಹಿಂದೆ ಕೂತಿದ್ದ ಹೆಂಗಸರ ಕಡೆ ನೋಡಿದರು, ನನ್ನನ್ನು ನೋಡಿದರು. ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, ನೇಷನ್ ಅನ್ನುವುದು ನಮ್ಮ ನೇಯ್ಗೆಯಿಂದ ಬಂದಿರಬೇಕು ಎಂದು ನನಗೆ ತೋರುತ್ತದೆ ಎಂದರು. ನೇಯುವುದು, ನೇಷನ್. ಹಾಸಿನ ನೂಲು ಒಂದು ಊರಿನದು, ಹೊಕ್ಕಿನ ನೂಲು ಒಂದು ಊರಿನದು, ಸೇರಿದರೆ ಸೀರೆ. ಕೊಳ್ಳೇಗಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದರು.

ದೊಡ್ಡಮಾದಪ್ಪನವರು ಕೂತಲ್ಲಿಂದಲೇ ಮೈಕು ಎಳೆದುಕೊಂಡು, “ಅಲ್ಲ ಕಣಯ್ಯ ಪುಟ್ಟಸಿದ್ದಯ್ಯ, ಹಂಗಾದ್ರೆ ಸ್ಟೇಷನ್ನು ಯಾತರಿಂದ ಬಂತು?” ಎಂದರು. ಶಾಮಿಯಾನ ಹಾರಿಹೋಗುವ ಹಾಗೆ ಜನ ನಕ್ಕರು. ಇವರು ಕೈ ಮುಗಿದು, ನಂಗೆ ತಿಳಿದದ್ದು ಇಷ್ಟೇ ಸಾ ಎಂದು ಹೇಳಿ ಕೆಳಗಿಳಿದರು. ಹೋಗಿ ಮತ್ತೆ ಕುರ್ಚಿ ಸರಿಮಾಡತೊಡಗಿದರು. ನಾನು ಬಯಸಿದ್ದು ಇದನ್ನೇ. ಆಯಿತು. ಅದನ್ನು ನೋಡಿ ನನಗೆ ಎಳ್ಳಷ್ಟೂ ಸಂತೋಷವಾಗಲಿಲ್ಲ. ನಗದೆ ಇದ್ದವರು ಇಬ್ಬರೇ, ನಾನು ಮತ್ತು ಕವಿತ. ಅವಳು ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ನೇರ ನನ್ನ ಮುಖವನ್ನೇ ನೋಡಿದಳು. ಕಾರ್ಡು ಏನಾಯಿತು ಎಂದು ಇವಳಿಗೆ ತಿಳಿಯಿತು, ಕಳ್ಳಿ ಸಿಕ್ಕಿಬಿದ್ದೆ ಎಂದುಕೊಂಡು ತಲೆ ತಗ್ಗಿಸಿದೆ.

ಮಾರನೆಯ ದಿನದಿಂದ ಇವರು ನೇಯ್ಗೆ ಸಿದ್ದಯ್ಯ ಆದರು. ಬಸ್ಸಿನ ಕಂಡಕ್ಟರು, ಹೋಟೆಲಿನವರು, ಕಡೆಗೆ ಮಾದು ಕೂಡ ಹಾಗೇ ಕರೆದರು. ಇವರು ಬೇಜಾರಿಲ್ಲದೆ ಓಗೊಟ್ಟರು. ಮನೆಗೆ ಯಳಂದೂರಿನ ಕಾರ್ಡು ಮತ್ತೆ ಬರಲಿಲ್ಲ. ನಿಂತುಹೋಯಿತು ಎಂದು ಸಮಾಧಾನವಾಯಿತೇ? ಅದೂ ಇಲ್ಲ. ಲೈಬ್ರರಿಯ ವಿಳಾಸಕ್ಕೆ ಹಾಕಿಸಿಕೊಳ್ಳುತ್ತಾರೆ, ನನ್ನ ಕಣ್ಣು ತಪ್ಪಿಸಿ ನಡೆಸಿದ್ದಾರೆ ಎಂದು ಹೊಸ ಹುಳ ಹೊಕ್ಕಿತು. ಒಂದು ಕಡೆ ಮಾಡಿದ ಪಾಪ ಚುಚ್ಚುತ್ತಿತ್ತು, ಇನ್ನೊಂದು ಕಡೆ ಹೊಟ್ಟೆಕಿಚ್ಚು ಆರಲಿಲ್ಲ. ಏಳು ವರ್ಷ ಹೀಗೇ ಕಳೆದೆ. ಒಂದೇ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುವಾಗಲೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಒಂದು ಸೋಮವಾರ ಕವಿತ ಮನೆಗೆ ಬಂದಳು. ಹಾಸನಕ್ಕೆ ವರ್ಗವಾಗಿದೆ, ಸರ್‌ಗೆ ಹೇಳಿ ಹೋಗೋಣ ಅಂತ ಬಂದೆ ಎಂದಳು. ಜೊತೆಗೆ ಮಗಳು ದೀಪ, ಮುಂದಿನ ಹಲ್ಲು ಬಿದ್ದ ಹುಡುಗಿ. ಇವರು ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು. ಕೂರಿಸಿ ಕಾಫಿ ಕೊಟ್ಟೆ, ಹೋಗುತ್ತಿದ್ದಾಳೆ ಎಂಬ ಸಂತೋಷಕ್ಕೆ ಸಕ್ಕರೆ ಧಾರಾಳವಾಗಿ ಹಾಕಿದೆ. ಅವಳು ಲೋಟ ಕೆಳಗಿಡುತ್ತಾ, ನಿಮ್ಮನ್ನು ನೋಡಿದರೆ ನನಗೆ ಆ ಆಗಸ್ಟಿನ ಸಭೆಯೇ ನೆನಪಾಗುತ್ತದೆ ಎಂದಳು. ಈಗ ಕಾರ್ಡಿನ ವಿಚಾರ ಎತ್ತುತ್ತಾಳೆ ಎಂದು ಗೋಡೆಗೆ ಒರಗಿದೆ.

ಅವಳು ಎತ್ತಿದ್ದು ಬೇರೆ. ಕಾರ್ಡು ತಲುಪಲಿಲ್ಲ ಎಂದು ಇವರು ಹೇಳಿದರಂತೆ. ಸಭೆಗೆ ಐದು ದಿನ ಮೊದಲು, ಭಾನುವಾರ, ಲೈಬ್ರರಿಯಲ್ಲೇ ಅವಳು ಎಲ್ಲವನ್ನೂ ಬಾಯಲ್ಲಿ ಹೇಳಿದಳಂತೆ. ಇವರು ಚೀಟಿಯಲ್ಲಿ ಬರೆದುಕೊಂಡು, ಮಾದುವಿನ ಮಾತು ಸರಿಹೋಯಿತು ಎಂದು ಕುಣಿದಾಡುವಷ್ಟು ಸಂತೋಷಪಟ್ಟರಂತೆ. ಆಮೇಲೆ ಇದ್ದಕ್ಕಿದ್ದಂತೆ ಸಪ್ಪಗಾದರಂತೆ. ಯಾಕೆ ಸರ್ ಎಂದು ಕೇಳಿದ್ದಕ್ಕೆ ಇವರು ಅಂದದ್ದನ್ನು ಅವಳು ಹಾಗೇ ಹೇಳಿದಳು. “ಬೇರು ಹುಟ್ಟು ಅಂತ ನಾ ಯೋಳ್ದೆ ಅನ್ನಿ ಮೇಡಂ, ಹುಟ್ಟು, ಬಸುರು, ತಳಿ ಅಂತೆಲ್ಲ ಬತ್ತದೆ. ಅಲ್ಲಿರೋ ಹೆಂಗಸ್ರೆಲ್ಲ ತಿರುಗಿ ನಮ್ಮನೆಯವಳ ಮುಖ ನೋಡ್ತಾರೆ. ಬ್ಯಾಡ.”

ಹಾಗಾದರೆ ಬೇರೆ ವಿಷಯ ಮಾತಾಡಿ ಎಂದು ಅವಳು ಹೇಳಿ ನೋಡಿದಳಂತೆ. ವಿಷಯ ಬರೆದು ಗೋಡೆಗೆ ಅಂಟಿಸಿಬಿಟ್ಟಿದ್ದಾರೆ, ಏನಾದರೂ ಹೇಳಿ ಇಳಿಯುತ್ತೇನೆ ಎಂದರಂತೆ. ಅಲ್ಲಿ ಎಲ್ಲರೂ ನಗುವಾಗ ನಾನು ನಿಮ್ಮನ್ನೇ ನೋಡಿದೆ, ನಿಮಗೆ ಇದು ಗೊತ್ತಿರಬೇಕು ಅಂದುಕೊಂಡೆ ಎಂದಳು ಕವಿತ. ನಿಮ್ಮ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದು ನಕ್ಕಳು.

ನನ್ನ ಮೇಲೆ ಅವಳಿಗೆ. ನಾನು ಒಳಗೆ ಹೋಗಿ ಅರಿಶಿನ ಕುಂಕುಮ, ಬಾಳೆಹಣ್ಣು, ರವಿಕೆ ಕಣ ತಂದು ಕೊಟ್ಟೆ. ಆ ಮಗುವಿನ ತಲೆ ಸವರಿದೆ. ಅವಳು ಮಗುವನ್ನು ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಹೊಸ್ತಿಲ ಮೇಲೆ ಕೂತು ಅತ್ತೆ. ಅಳು ಮುಗಿಯುವ ಮೊದಲೇ, ಹಾಳು ಬುದ್ಧಿ, ಮತ್ತೆ ಉರಿ ಎದ್ದಿತು. ನನ್ನ ಮುಖ ನೋಡಿ ಜನ ನೋಯಿಸುತ್ತಾರೆ ಎಂದು ಹೆದರಿದ ಮಾತು, ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನಗಾಗಿ ಹುಟ್ಟಿದ ಅಂಥ ಮಾತು, ಅದನ್ನು ಇವರು ಅವಳಿಗೆ ಹೇಳಿದ್ದರು. ಕಾರ್ಡಿಗಿಂತ, ಭಾನುವಾರದ ಗಡ್ಡಕ್ಕಿಂತ ಅದು ಹೆಚ್ಚು ಉರಿಯಿತು.

ಇವರು ಹೆಗಲ ಮೇಲೆ ಹಿಟ್ಟಿನ ಚೀಲ ಹೊತ್ತು ಬಂದರು. ಮೀಸೆ ಮೇಲೆಲ್ಲ ಹಿಟ್ಟು. ಚೀಲ ಇಳಿಸಲೂ ಬಿಡದೆ, ಮೇಡಮ್ಮು ಬಂದುಹೋದರು, ಎಲ್ಲ ಹೇಳಿದರು ಎಂದೆ. ಆ ಕಾರ್ಡು ಬಂದಿತ್ತು, ನಾನೇ ನೀರೊಲೆಗೆ ಹಾಕಿದೆ ಎಂದೂ ಹೇಳಿಬಿಟ್ಟೆ. ಗೊತ್ತು ಎಂದರು. ಮೇಡಂ ಕಾರ್ಡು ಹಾಕಿದ್ದೇನೆ ಎಂದ ದಿನವೇ ಗೊತ್ತಾಯಿತಂತೆ. ಮಾದಣ್ಣನ ಕೈಯಲ್ಲಿ ಇಷ್ಟು ವರ್ಷಕ್ಕೆ ಒಂದು ಕಾಗದವೂ ಕಳೆದಿಲ್ಲವಲ್ಲ ಎಂದರು. ಅದನ್ನು ಓದಿ ನಿನಗೆ ಹೇಗಾಗಿರುತ್ತದೆ ಎಂದು ತಿಳಿದೇ, ಇನ್ನು ಮನೆಗೆ ಬರೆಯಬೇಡಿ, ಲೈಬ್ರರಿಗೂ ಬೇಡ, ಏನಿದ್ದರೂ ಬಂದಾಗ ಬಾಯಲ್ಲಿ ಹೇಳಿ ಎಂದು ಮೇಡಂಗೆ ತಿಳಿಸಿದೆ ಎಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

“ನನ್ನ ಮಾತ ನಂಗೆ ಯೋಳ್ಬೇಕಿತ್ತು ನೀವು. ಆ ಮೇಡಮ್ಮಂಗ್ಯಾಕೆ ಯೋಳಿದ್ರಿ?” ಎಂದು ಕೇಳಿದೆ.

ಇವರು ಚೀಲವನ್ನು ಗೋಡೆಗೆ ಒರಗಿಸಿ, ಟವಲಿನಿಂದ ಮೀಸೆ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

“ನಿಂಗೆ ಯೋಳಿದ್ರೆ ನೀನು ಸಭೆಗೇ ಬತ್ತಿರ್ನಿಲ್ಲ. ನೀನು ಬರ್ನಿಲ್ಲ ಅಂದ್ರೆ ನಾನು ಯಾರ್ಗೋಸ್ಕರ ಮಾತಾಡನ?”

ಮೈಕು, ಶಾಮಿಯಾನ, ಆ ನೂರೈವತ್ತು ಜನ, ಮುಂದಿನ ಸಾಲಿನ ಕುರ್ಚಿ, ಎಲ್ಲ ಒಂದು ಸಲ ನನ್ನ ಕಣ್ಣ ಮುಂದೆ ಬಂದು ಹೋಯಿತು. ಬೇರೆ ಯಾವ ಹೆಂಗಸಾದರೂ ಅಲ್ಲಿಗೆ ಬಿಡುತ್ತಿದ್ದಳೋ ಏನೋ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಈಗ ಅಂದ್ರಲ್ಲ, ಈ ಮಾತ್ನೂ ಆ ಮೇಡಮ್ಮಂಗೆ ಯೋಳಿದ್ದೀರಾ?” ಎಂದು ಕೇಳಿಯೇಬಿಟ್ಟೆ.

“ಇಲ್ಲ ಕಣೆ ನಿಂಗಿ,” ಎಂದರು. “ಇದ ನಿಂಗೊಬ್ಳಿಗೇ ಯೋಳ್ತಿರದು.”